ಒಂದೂವರೆ ಇಂಚು

ಎಲ್ಲಕ್ಕೂ ಕಾರಣ ಆ ಎಲ್ ಆಕಾರದ ಸೋಫಾ.
ಕುಶಾಲನಗರದಿಂದ ಪಿಕಪ್ಪಿನಲ್ಲಿ ಬಂತು,
ಭಾವನ ಬಾಗಿಲಲ್ಲಿ ಸಿಕ್ಕಿಕೊಂಡಿತು.
ಹೀಗೆ ತಿರುಗಿಸಿದರೆ ಕಾಲು ಅಡ್ಡ, ಹಾಗೆ ತಿರುಗಿಸಿದರೆ ತೋಳು.
ನಾಲ್ಕು ದಿನ ಜಗಲಿಯಲ್ಲಿ ಟಾರ್ಪಾಲು ಹೊದ್ದು
ಕೊನೆಯ ಬಸ್ಸು ತಪ್ಪಿದ ನೆಂಟನ ಹಾಗೆ ಕೂತಿತ್ತು.
ಐದನೆಯ ದಿನ ನಮ್ಮ ಮನೆಯವರು
ಪೇಪರಿನಿಂದ ಮುಖ ಎತ್ತದೆ ಅಂದರು:
"ಗೋಡೆ ತೆಗೆದರೆ ಹಿಡಿಯುತ್ತೆ."

ಹತ್ತೊಂಬತ್ತು ವರ್ಷದ ಗೋಡೆಗೆ
ಮೂರು ಶಬ್ದ.

ಮಹದೇವಪೇಟೆಯ ಈ ಮನೆಯ ಹಾಲನ್ನು
ಮಾವ ತೀರಿಕೊಂಡ ವರ್ಷ ದಾರ ಹಿಡಿದು ಪಾಲು ಮಾಡಿದ್ದರು.
ಕಿಟಕಿ ಅವರಿಗೆ, ಬೀದಿಬಾಗಿಲು ನಮಗೆ.
ಫ್ಯಾನಿನ ಕೊಂಡಿ ಅವರಿಗೆ, ಫ್ಯಾನು ನಮಗೆ.
ಮಡಿಕೇರಿಯಲ್ಲಿ ಫ್ಯಾನಿಗೇನು ಕೆಲಸ ಎಂದು
ಯಾರೂ ಕೇಳಲಿಲ್ಲ; ಪಾಲೆಂದರೆ ಪಾಲು.
ಭಾವ ಸಂದಿಯ ಕಡೆ ಎರಡೂವರೆ ಅಡಿಯ ಬಾಗಿಲು ಕೊರೆಸಿಕೊಂಡರು,
ಮುಂದೊಂದು ದಿನ ಸೋಫಾ ಬಂದೀತೆಂದು ಎಣಿಸದೆ.

ಅರ್ಧ ಇಟ್ಟಿಗೆಯ ಗೋಡೆ.
ದಮಯಂತಿ ಅಕ್ಕ ಮಿಕ್ಸಿ ಹಾಕಿದರೆ
ನಮ್ಮ ಷೋಕೇಸಿನ ಗಾಜಿನ ಲೋಟಗಳು ಮಾತಾಡುತ್ತಿದ್ದವು.
ಅವರ ಸಾರಿಗೆ ಕಾಚಂಪುಳಿ ಬಿದ್ದ ವಾಸನೆ ಬಂದರೆ
ಗಂಟೆ ಹನ್ನೆರಡೂವರೆ ಎಂದು ನಾನು ಅನ್ನಕ್ಕಿಡುತ್ತಿದ್ದೆ.
ಮಾತಿರಲಿಲ್ಲ ಎಂದಲ್ಲ, ಇತ್ತು.
ನೀರಿನ ಬಿಲ್ಲು, ಕರೆಂಟು ಬಿಲ್ಲು,
ಸತ್ತವರ ಸುದ್ದಿ.

ಮೊಯ್ದು ಮೇಸ್ತ್ರಿ ಸುತ್ತಿಗೆ ಎತ್ತಿ ಹೇಳಿದ,
"ಆ ಫೋಟೋ ಇಳಿಸಿ."
ನಮ್ಮ ಮದುವೆಯ ಫೋಟೋ. ಅದಕ್ಕೊಂದು ರೋಗವಿತ್ತು:
ಮಳೆಗಾಲ ಹಿಡಿದರೆ ಸಾಕು, ದಿನಾ ಬೆಳಿಗ್ಗೆ ಓರೆ.
ಬೀದಿಯ ಲಾರಿಗಳಿಗೆ ಬೈದು
ನೆಟ್ಟಗೆ ಮಾಡುತ್ತಿದ್ದೆ, ವರ್ಷಗಟ್ಟಲೆ.
ಇಳಿಸಿದೆ. ಆಚೆಯಿಂದ ಅಕ್ಕನ ದನಿ:
"ಒಂದು ನಿಮಿಷ ತಡಿ, ನನ್ನ ಕೊಡೆ ತೆಗೀತೇನೆ."

ನಾವು ಹೊಡೆದಿದ್ದು ಆರಿಂಚಿನ ಮೊಳೆ.
ಮೂತಿ ಆ ಕಡೆ ಹೊರಬಿದ್ದಿತ್ತು.
ಅವರು ದೂರಲಿಲ್ಲ, ಕೊಡೆ ತೂಗುಹಾಕಿದರು.
ಎಂಟೂಕಾಲಕ್ಕೆ ಸ್ಕೂಲಿಗೆ ಹೊರಡುವಾಗ
ಕೊಡೆ ಎಳೆದುಕೊಂಡರೆ
ಈಚೆ ನಾವಿಬ್ಬರೂ ಒಂದು ಬದಿಗೆ ವಾಲುತ್ತಿದ್ದೆವು,
ಹೂಮಾಲೆ, ಪೇಟ ಸಮೇತ.

ಮೊಳೆ ಸೊಟ್ಟಗಾಗಿ ಬಂತು. "ಬೇಕಾ?" ಅಂದ ಮೊಯ್ದು.
ಬಿಸಾಕು ಅಂದೆ. ಬಿಸಾಕಿದ.

ಮಧ್ಯಾಹ್ನಕ್ಕೆ ಧೂಳಿಳಿದು ನೋಡಿದರೆ
ಹಾಲು ಒಂದು, ನೆಲ ಎರಡು.
ನಮ್ಮದು ಮಾವನ ಕಾಲದ ಕಾವಿ,
ಅವರದು ಅದರ ಮೇಲೆ ಕೂರಿಸಿದ ಬಿಳಿ ಟೈಲು.
ಮೇಸ್ತ್ರಿ ರಸಮಟ್ಟ ಇಟ್ಟ, ಗುಳ್ಳೆ ಓಡಿತು.
ಒಂದೂವರೆ ಇಂಚು.

ಟೈಲು ಕೀಳಬೇಕೆಂದರು ಇವರು.
ಕಾವಿ ಏರಿಸಬೇಕೆಂದರು ಜೋಯಪ್ಪ ಭಾವ.
ಎರಡು ದಿನ, ಹಳೆಯ ದನಿಗಳು.
ಇಳಿಜಾರು ಮಾಡಿ ಬಿಡಿ, ಗಾಲಿ ಬಿಟ್ಟು ಆಡಬಹುದು
ಎಂದಳು ಡೀನಾ, ಯಾರೂ ನಗಲಿಲ್ಲ.
ಬಣ್ಣಕ್ಕಾದರೆ ಜಗಳವೇ ಆಗಲಿಲ್ಲ.
ಅವರ ಗಿಳಿಹಸಿರೂ ನಮ್ಮ ಕೆನೆಬಣ್ಣವೂ
ಇಬ್ಬರಿಗೂ ಬೇಸರವಾಗಿತ್ತು ಎಂದು ಆಗ ತಿಳಿಯಿತು.
ಮಾಗಿದ ಕಿತ್ತಳೆಗಿಂತ ಒಂದು ಮೆಟ್ಟಿಲು ಕೆಳಗಿನ ಬಣ್ಣ
ಅಕ್ಕ ತೋರಿಸಿದರು, ನಾನು ಹೂಂ ಅಂದೆ.
ಕಿಟಕಿಯ ಬೆಳಕು ಮೊದಲ ಸಲ
ನಮ್ಮ ಬಾಗಿಲವರೆಗೆ ನಡೆದು ಬಂತು.

ನೆಲ ಹಾಗೇ ಉಳಿಯಿತು.
ಸೋಫಾದ ಉದ್ದ ಭಾಗ ಟೈಲಿನ ಮೇಲೆ,
ಗಿಡ್ಡ ಭಾಗದ ಕಾಲಿಗೆ ಹಲಸಿನ ಹಲಗೆಯ ಅಟ್ಟೆ.
ಬಂದವರೆಲ್ಲ ಎಡವುತ್ತಾರೆ, "ಜೋಪಾನ" ಎನ್ನುತ್ತೇವೆ
ಎರಡೂ ಕಡೆಯಿಂದ, ಒಟ್ಟಿಗೆ.
ಒಂದು ರಾತ್ರಿ ಕರೆಂಟು ಹೋದಾಗ ಇವರು ಎಡವಿದರು.
ಕತ್ತಲೆಯಲ್ಲಿ ಭಾವನ ಕೈ ತೋಳು ಹಿಡಿಯಿತು,
ಬಿಟ್ಟಿತು. ಬಿಲ್ಲು ಕಟ್ಟಿದ್ದೀಯಾ ಎಂದು ಕೇಳಿತು ದನಿ.

ಮೊನ್ನೆ ವಿರಾಜಪೇಟೆಯಲ್ಲಿ ಒಂದು ಗೃಹಪ್ರವೇಶ.
ಗ್ರಾನೈಟು ಹಾಸಿದ ಹಾಲು, ಕನ್ನಡಿಯಂಥ ಮಟ್ಟ.
ನಡುವೆ ಬಂದಾಗ, ಏನೂ ಇಲ್ಲದ ಕಡೆ,
ನನ್ನ ಕಾಲು ತಾನಾಗಿ ಎತ್ತಿ ಇಟ್ಟಿತು.
ನಾಚಿಕೆಯಾಗಿ ಹಿಂತಿರುಗಿದೆ.
ಸೀರೆ ತುಸು ಎತ್ತಿ ಹಿಡಿದು
ದಮಯಂತಿ ಅಕ್ಕ ಅದೇ ಜಾಗದಲ್ಲಿ
ಇಳಿಯುತ್ತಿದ್ದರು.